ಕಾವೇರಿಯ ಬಿಳಿಮೀನು

ಹೊಗೇನಕಲ್ಲಿನ ಆಚೀಚೆ ಕಾವೇರಿಯ ದಡದಲ್ಲಿ ಬಾಳುವ ನಮ್ಮವರಿಗೆ ಬಿಳಿಮೀನಿನ ಹೆಸರು ಹೊಸದಲ್ಲ. ಆದರೆ ಆ ಹೆಸರಿನಲ್ಲಿ ಈಗ ಬಲೆಗೆ ಬೀಳುವುದೆಲ್ಲ ಒಂದೇ ಜಾತಿಯಲ್ಲ. ಇದನ್ನು ರೈತ ಬಾಂಧವರು ಅರಿತಿರಬೇಕು.

ಬಿಳಿಮೀನು ಗೆಂಡೆಯ ಬಳಗದ್ದು, ಮಹಸೀರ್ ಕುಲಕ್ಕೆ ಸೇರಿದ್ದು. ಬಾಯ ಬಳಿ ಎರಡು ಜೊತೆ ಮೀಸೆಗಳುಂಟು. ಕಲ್ಲಿನ ಸಂದಿನಲ್ಲಿ ಆಹಾರವನ್ನು ತಡವಿ ನೋಡುವುದಕ್ಕೆ ಇವೇ ಬೆರಳು. ದವಡೆಯಲ್ಲಿ ಹಲ್ಲಿಲ್ಲ. ಹಲ್ಲೆಲ್ಲ ಗಂಟಲಿನಲ್ಲಿ! ನುಂಗಿದ ಏಡಿ, ಗುಳ್ಳೆಗಳನ್ನು ಅಲ್ಲಿ ಅರೆಯುತ್ತದೆ. ದಡದ ಮರದಿಂದ ಉದುರಿದ ಹಣ್ಣನ್ನೂ ಬಿಡದು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು ೧೨೦ ಪೌಂಡು ತೂಗಿತು. ಎಂದರೆ ಸುಮಾರು ೫೪ ಕಿಲೋ, ಒಬ್ಬ ಆಳಿನ ತೂಕ.

ಕಾವೇರಿಯ ಸ್ವಂತ ಬಿಳಿಮೀನಿಗೆ ತಲೆಯ ಹಿಂದೆ ಎತ್ತಿನ ಹಿಣಿಲಿನಂತೆ ಬೆನ್ನು ಉಬ್ಬಿರುತ್ತದೆ, ಈಜುರೆಕ್ಕೆ ಕಿತ್ತಳೆ ಬಣ್ಣ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದರ ಸಹಜ ನೆಲೆಯಿಲ್ಲ. ಇಷ್ಟು ದೊಡ್ಡ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರು ಗೊತ್ತಾದದ್ದು ೨೦೧೮ರಲ್ಲಿ ಎಂದರೆ ಆಶ್ಚರ್ಯವಲ್ಲವೇ? ಮತ್ಸ್ಯಶಾಸ್ತ್ರಜ್ಞೆ ರೇಮಾದೇವಿಯವರ ಹೆಸರನ್ನು ಹೊತ್ತ ‘ಟಾರ್ ರೇಮಾದೇವಿ’ ಎಂಬುದೇ ಇದು ಎಂದು ಆಗ ನಿಶ್ಚಯವಾಯಿತು. ಅದೇ ವರ್ಷ ಇದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿಸಿದರು.

ಇನ್ನೊಂದು ನೀಲಿರೆಕ್ಕೆಯ ಮಹಸೀರ್. ಅದು ಕೃಷ್ಣಾ ನದಿಯ ಸೀಮೆಯದು. ಲೋಣಾವಳದಲ್ಲಿ ಮರಿ ಮಾಡಿಸಿ, ೧೯೭೬ರಿಂದೀಚೆಗೆ ಕಾವೇರಿಗೆ ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಹೊಸ ಮೀನು ಹೆಚ್ಚಿತು, ಹಳೆಯದರ ಮರಿ ಕಾಣುವುದು ಅಪರೂಪವಾಯಿತು. ಮರಿ ಬಿಡುವ ಮುನ್ನ ಜಾತಿ ನೋಡಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ನಾಟಿ ತಳಿಯ ರಾಗಿ ಕಳೆದುಕೊಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ದೋಷವೆಲ್ಲ ಹೊಸ ಮೀನಿನದೇ ಅಲ್ಲ. ಮಹಸೀರುಗಳು ಮೊಟ್ಟೆಯಿಡಲು ಹೊಸ ನೀರಿಗೆ ಎದುರಾಗಿ ಮೇಲಕ್ಕೆ ಹೋಗುತ್ತವೆ. ಹರಿವ ನೀರು, ಅಡಿಯಲ್ಲಿ ಶುಚಿಯಾದ ನೊರಜುಗಲ್ಲು ಎರಡೂ ಬೇಕು. ಕಾಟ್ಲಾ ಲಕ್ಷಗಟ್ಟಲೆ ಮೊಟ್ಟೆಯಿಟ್ಟರೆ ಇವುಗಳ ಮೊಟ್ಟೆ ಬಹಳ ಕಡಿಮೆ. ೧೯೩೪ರಲ್ಲಿ ಮುಗಿದ ಮೇಟೂರಿನಂಥ ಅಣೆಕಟ್ಟುಗಳು ದಾರಿ ಕಟ್ಟಿದವು. ಮರಳು, ಕಲ್ಲು ತೆಗೆದು ಹೆರಿಗೆಯ ಮನೆಯನ್ನೇ ಕಿತ್ತಂತಾಯಿತು. ತೋಟೆ ಸಿಡಿಸುವವರು ಒಂದು ಮೀನಿನ ಆಸೆಗೆ ಮಡುವಿನ ಮರಿಗಳನ್ನೆಲ್ಲ ಕೊಲ್ಲುತ್ತಾರೆ.

ಬಿಳಿಮೀನನ್ನು ಹೊಂಡದಲ್ಲಿ ಸಾಕಬಹುದೇ ಎಂದು ಕೆಲವರು ಕೇಳುವುದುಂಟು. ನಿಂತ ನೀರಿನಲ್ಲಿ ಬದುಕೀತು, ವಂಶ ಬೆಳೆಸದು. ಹೊಂಡಕ್ಕೆ ಕಾಟ್ಲಾ, ರೋಹು ಸಾಕು. ಸಾಕುಮೀನಿನ ಮರಿ ಮಿಕ್ಕರೂ ಹೊಳೆಗೆ ಸುರಿಯಬೇಡಿ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕಾವೇರಿ ಕಾಡು ೨೦೨೨ರಲ್ಲಿ ವನ್ಯಧಾಮವಾಗಿದೆ. ಅದರೊಳಗೆ ಬಲೆ ಹಾಕುವ ಮಾತೇ ಇಲ್ಲ. ಹೊರಗೆ ಹಿಡಿಯುವವರ ಬಲೆಗೆ ಉಬ್ಬುಬೆನ್ನಿನ, ಕಿತ್ತಳೆ ರೆಕ್ಕೆಯ ಮೀನು ಬಿದ್ದರೆ, ಕೈಯನ್ನು ನೀರಿನಲ್ಲಿ ತೋಯಿಸಿಕೊಂಡು, ಕಿವಿರಿಗೆ ಬೆರಳು ತಾಗಿಸದೆ ಬಿಡಿಸಿ, ಹರಿವಿಗೆ ಮುಖಮಾಡಿ ಹಿಡಿಯಿರಿ. ತಾನಾಗಿ ಬಾಲ ಬೀಸಿದಾಗ ಬಿಟ್ಟುಬಿಡಿ.