ಇಂಟು ಮಾರ್ಕ್ ಕಾಣುವ ಹಾಗಿರಲಿ, ಮಗಳೇ

ಸುದ್ದಿ ವೆಬ್‌ಸೈಟೊಂದರ ಜಾಹೀರಾತು ವಿಭಾಗದಲ್ಲಿ ಕೆಲಸ ಸಿಕ್ಕಿತು ಎಂದು ನೀನು ಫೋನ್ ಮಾಡಿದಾಗ ತುಂಬ ಖುಷಿಯಾಯಿತು. ಬದುಕಿನ ಬಹುಪಾಲು ಪತ್ರಿಕೆಯ ಜಾಹೀರಾತು ವಿಭಾಗದಲ್ಲೇ ಕಳೆದವನು ನಾನು. ಜಾಹೀರಾತಿನ ದುಡ್ಡಿಲ್ಲದೆ ಪತ್ರಿಕೆ ನಡೆಯುವುದಿಲ್ಲ, ವರದಿಗಾರರಿಗೆ ಸಂಬಳ ಆಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಜಾಹೀರಾತೇ ಕೆಟ್ಟದ್ದು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಓದುತ್ತಿರುವಾಗ ಧುತ್ತೆಂದು ಪರದೆ ತುಂಬ ಎದ್ದು ನಿಲ್ಲುವ ಪಾಪ್‌ಅಪ್‌ಗಳ ಬಗ್ಗೆ, ಅದರಲ್ಲೂ ಅವನ್ನು ಮುಚ್ಚುವ ಆ ಪುಟ್ಟ ಇಂಟು ಮಾರ್ಕಿನ ಬಗ್ಗೆ ಒಂದು ಮಾತು ಹೇಳಬೇಕು ಅನಿಸಿತು.

ಈಚೆಗೆ ನಿನ್ನ ಚಿಕ್ಕಮ್ಮ ಗೃಹಲಕ್ಷ್ಮಿ ಹಣದ ಸುದ್ದಿ ಓದುತ್ತಿದ್ದಳು. ಎರಡು ಸಾಲು ಓದುವಷ್ಟರಲ್ಲಿ ಸಾಲ ಕೊಡುವ ಆ್ಯಪ್ ಒಂದರ ಜಾಹೀರಾತು ಇಡೀ ಪರದೆ ಮುಚ್ಚಿಕೊಂಡಿತು. ಮೂಲೆಯಲ್ಲಿ, ಬಿಳಿ ಬಣ್ಣದ ಮೇಲೆ ತಿಳಿ ಬೂದಿ ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು ಇಂಟು ಮಾರ್ಕ್. ಕನ್ನಡಕ ಸರಿಮಾಡಿಕೊಂಡು ಒತ್ತಿದಳು. ಬೆರಳು ತಾಗಿದ್ದು ಜಾಹೀರಾತಿಗೆ, ಪ್ಲೇಸ್ಟೋರ್ ತೆರೆದುಕೊಂಡಿತು. ಹಿಂದಕ್ಕೆ ಬಂದಳು, ಮತ್ತೆ ಅದೇ ಜಾಹೀರಾತು. ಹೇಗೋ ಅದು ಹೋಯಿತು ಅನ್ನುವಷ್ಟರಲ್ಲಿ ಮೇಲುಗಡೆ ಇನ್ನೊಂದು ಲೋಡ್ ಆಗಿ ಓದುತ್ತಿದ್ದ ಸಾಲು ಕೆಳಗೆ ಜಾರಿತು, ಬೆರಳು ಮತ್ತೊಂದರ ಮೇಲೆ ಬಿತ್ತು. ಕೊನೆಗೆ "ನನಗೆ ಈ ಫೋನು ಬಳಸೋಕೇ ಬರಲ್ಲ ಬಿಡಿ" ಎಂದು ಸುದ್ದಿ ಓದುವುದನ್ನೇ ಕೈಬಿಟ್ಟಳು.

ತಪ್ಪು ತನ್ನದೇ ಅಂದುಕೊಂಡಳಲ್ಲ, ನನಗೆ ಅದೇ ನೋವು. ಆ ಗುರುತು ಅಷ್ಟು ಚಿಕ್ಕದಾಗಿ, ಅಷ್ಟು ಮಬ್ಬಾಗಿ ಇರಬೇಕೆಂದು ಯಾರೋ ಕಂಪ್ಯೂಟರಿನ ಮುಂದೆ ಕೂತು ತೀರ್ಮಾನ ಮಾಡಿದ್ದಾರೆ. ಕಣ್ಣು ಮಂದವಾದವರು, ಕೈ ನಡುಗುವವರು ಕೂಡ ವೆಬ್‌ಸೈಟ್ ಬಳಸುವಂತಿರಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 2023ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಒತ್ತುವ ಜಾಗ ಸಾಮಾನ್ಯವಾಗಿ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರಕ್ಕಿಂತ ಕಡಿಮೆ ಇರಬಾರದು ಎಂದಿದೆ. ನಿಮ್ಮ ಡಿಸೈನರುಗಳಿಗೆ ಇದು ಗೊತ್ತಿರದ ವಿಷಯವೇನಲ್ಲ.

ಪಾಪ್‌ಅಪ್ ಹುಟ್ಟಿದ್ದು ಹೇಗೆ ಎಂದು ನೀನು ತಿಳಿದುಕೊಂಡಿರಬೇಕು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಟ್ರೈಪಾಡ್ ಎಂಬ ತಾಣದಲ್ಲಿ ಜನ ತಮ್ಮದೇ ಪುಟಗಳನ್ನು ಮಾಡಿಕೊಳ್ಳಬಹುದಿತ್ತು. ಅಂಥ ಒಂದು ಅಶ್ಲೀಲ ಪುಟದಲ್ಲಿ ತನ್ನ ಜಾಹೀರಾತು ಕಂಡ ಕಾರು ಕಂಪನಿ ಸಿಟ್ಟಾಯಿತು. ಪುಟಕ್ಕೂ ಜಾಹೀರಾತಿಗೂ ಸಂಬಂಧವಿಲ್ಲವೆಂದು ತೋರಿಸಲು, ಜಾಹೀರಾತನ್ನು ಬೇರೆಯೇ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದವರು ಅಲ್ಲಿ ಕೆಲಸದಲ್ಲಿದ್ದ ಈಥನ್ ಝುಕರ್‌ಮನ್. 2014ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಗೆ ಬರೆದ ಲೇಖನದಲ್ಲಿ ಅವರು ಅದಕ್ಕಾಗಿ ಎಲ್ಲರ ಕ್ಷಮೆ ಕೇಳಿದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಆ ಏರ್ಪಾಟು ಮಾಡಿದ್ದು ಜಾಹೀರಾತುದಾರನ ಮರ್ಯಾದೆ ಕಾಯಲಿಕ್ಕೆ. ಓದುತ್ತಾ ಕೂತವರಿಗೆ ಇದರಿಂದ ಏನಾದೀತು ಎಂದು ಯಾರೂ ಕೇಳಲಿಲ್ಲ. ಇವತ್ತಿಗೂ ಕೇಳುತ್ತಿಲ್ಲ.

ಬ್ರೌಸರುಗಳು ಅಂಥ ಕಿಟಕಿಗಳನ್ನು ತಡೆಯಲು ಶುರುಮಾಡಿದಾಗ ಜಾಹೀರಾತುಗಳು ಪುಟದೊಳಗೇ ಸೇರಿಕೊಂಡು, ಬರಹದ ಮೇಲೆ ಹೊದ್ದುಕೊಂಡು ಬರತೊಡಗಿದವು. ಮೊಬೈಲಿನಲ್ಲಿ ಹೀಗೆ ಬರಹ ಮುಚ್ಚುವ ಪುಟಗಳನ್ನು ಹುಡುಕಾಟದಲ್ಲಿ ಕೆಳಗೆ ತಳ್ಳುವುದಾಗಿ ಹೇಳಿ, 2017ರ ಜನವರಿಯಿಂದ ಗೂಗಲ್ ಅದನ್ನು ಜಾರಿಗೆ ತಂದಿತು. 2018ರ ಫೆಬ್ರವರಿಯಿಂದ, ಮತ್ತೆ ಮತ್ತೆ ಹೀಗೆ ಮಾಡುವ ತಾಣಗಳ ಜಾಹೀರಾತುಗಳನ್ನು ಕ್ರೋಮ್ ಬ್ರೌಸರೇ ತಡೆಯತೊಡಗಿತು. ಹೊರಗಿನವರು ಬಂದು ಹೇಳುವ ತನಕ ಸುದ್ದಿ ಕೊಡುವ ನಾವು ತಿದ್ದಿಕೊಳ್ಳಲಿಲ್ಲವಲ್ಲ ಎಂದು ನನಗೆ ಬೇಸರವಿದೆ. ಬೇಸತ್ತ ಓದುಗರು ಆಡ್‌ಬ್ಲಾಕರ್ ಹಾಕಿಕೊಂಡರೆ ಮರ್ಯಾದೆಯಿಂದ ಮೂಲೆಯಲ್ಲಿ ಕೂತ ಜಾಹೀರಾತೂ ಅದರ ಜೊತೆಗೇ ಹೋಗುತ್ತದೆ.

ಪತ್ರಿಕೆಗಳೂ ಮುಖಪುಟದ ಮೇಲೆ ಇಡೀ ಪುಟದ ಜಾಹೀರಾತು ಹೊದಿಸುತ್ತವಲ್ಲ ಚಿಕ್ಕಪ್ಪ, ಎಂದು ನೀನು ಕೇಳಬಹುದು. ನನಗೂ ಅದು ಹಿಡಿಸುವುದಿಲ್ಲ. ಆದರೂ ಹಾಳೆ ಮಗುಚಿದರೆ ಅಲ್ಲಿಗೆ ಮುಗಿಯಿತು, ಮಗುಚುವ ಕೈಯನ್ನು ಯಾರೂ ಹಿಡಿದುಕೊಳ್ಳುವುದಿಲ್ಲ.

ಇನ್ನು ಜಾಹೀರಾತು ಕೊಟ್ಟವರ ಲೆಕ್ಕ. ನಮ್ಮ ಕಾಲದ ಸೀರೆ ಅಂಗಡಿ ಯಜಮಾನರು, ಜಾಹೀರಾತು ನೋಡಿ ಎಷ್ಟು ಗಿರಾಕಿ ಬಂದರು ಎಂದು ಎಣಿಸಿಯೇ ಮುಂದಿನ ಸಲದ ಮಾತಾಡುತ್ತಿದ್ದರು. ಈಗ ಒಂದೊಂದು ಕ್ಲಿಕ್ಕಿಗೂ ದುಡ್ಡು. ನಿನ್ನ ಚಿಕ್ಕಮ್ಮ ಬೇಡ ಎಂದು ಒತ್ತಿದ್ದೂ ಆ ಲೆಕ್ಕದಲ್ಲಿ ಕ್ಲಿಕ್ಕೇ. ಬೇಡ ಅಂದವರನ್ನು ಬೇಕು ಅಂದವರ ಪಟ್ಟಿಗೆ ಸೇರಿಸಿ ಬಿಲ್ ಮಾಡುವುದು ಕಳ್ಳಲೆಕ್ಕ, ಮಗಳೇ. ಬೇರೆ ಹೆಸರು ನನಗೆ ತಿಳಿಯದು.

ಕಾನೂನೂ ಸುಮ್ಮನೆ ಕೂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದರೆ ಬಳಸುವವರನ್ನು ದಾರಿ ತಪ್ಪಿಸುವ ವಿನ್ಯಾಸ, ತಡೆಯುವ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸಗಳನ್ನು ಹೆಸರಿಸಿದೆ. ಬೇಡವೆಂದರೂ ಮತ್ತೆ ಮತ್ತೆ ಪೀಡಿಸುವುದು, ಜಾಹೀರಾತನ್ನು ಸುದ್ದಿಯ ಹಾಗೆ ವೇಷ ಹಾಕಿಸುವುದು, ನಿಮ್ಮ ಫೋನಿಗೆ ವೈರಸ್ ಬಂದಿದೆ ಎಂದು ಹೆದರಿಸುವುದು ಅದರಲ್ಲಿವೆ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915 ಇದೆ.

ಜಾಹೀರಾತು ನೆಟ್‌ವರ್ಕಿನಿಂದ ತಾನಾಗೇ ಬರುತ್ತದೆ, ನಮ್ಮ ಕೈಯಲ್ಲಿಲ್ಲ ಎಂದು ಕಚೇರಿಯಲ್ಲಿ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಯಾವ ಬಗೆಯ ಜಾಹೀರಾತು ಬೇಡ ಎಂದು ತಡೆಯುವ ಸೌಲಭ್ಯ ಗೂಗಲ್ ಆಡ್‌ಸೆನ್ಸ್‌ನಲ್ಲೇ ಇದೆ. ಪುಟದಲ್ಲಿ ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಎನ್ನುವುದೂ ಬಹುಮಟ್ಟಿಗೆ ನಿಮ್ಮ ತೀರ್ಮಾನವೇ. ಬರಹದ ನಡುವೆ ಜಾಗ ಬಿಟ್ಟು, 'ಜಾಹೀರಾತು' ಎಂದು ಮೇಲೆ ಬರೆದು ಹಾಕಿ. ಪಾಪ್‌ಅಪ್ ಬೇಕೇ ಬೇಕು ಎಂದು ಮೇಲಿನವರು ಹಟ ಹಿಡಿದರೆ, ಮುಚ್ಚುವ ಗುರುತು ಮೊದಲ ಕ್ಷಣದಿಂದಲೇ ಕಾಣುವಂತಿರಲಿ, ಒತ್ತಿದರೆ ಮುಚ್ಚಲಿ, ಮುಚ್ಚಿದ್ದು ಅವತ್ತು ಮತ್ತೆ ಬಾರದಿರಲಿ. ಆದಾಯ ಮೊದಲಿಗೆ ಸ್ವಲ್ಪ ಇಳಿಯಬಹುದು. ಇಳಿಯಲಿ.

ಕೆಲಸಕ್ಕೆ ಸೇರಿದ ಮೇಲೆ ಕಚೇರಿಯ ದೊಡ್ಡ ಮಾನಿಟರ್ ಬಿಟ್ಟು, ಅಗ್ಗದ ಹಳೆಯ ಫೋನೊಂದರಲ್ಲಿ ನಿಮ್ಮ ತಾಣ ತೆರೆದು ಒಂದು ಸುದ್ದಿಯನ್ನು ಕೊನೆಯ ತನಕ ಓದಿ ನೋಡು. ಎಲ್ಲೆಲ್ಲಿ ಬೆರಳು ತಪ್ಪಿತು ಎಂದು ಬರೆದಿಟ್ಟುಕೋ. ಆ ಪಟ್ಟಿ ತೆಗೆದುಕೊಂಡು ಹೋಗಿ ನಿಮ್ಮ ಸಂಪಾದಕರ ಹತ್ತಿರ ಮಾತಾಡು.