ಉಂಡದ್ದನ್ನು ಅರಗಿಸುವ ಲಿವರ್ ಮತ್ತು ಮೇದೋಜೀರಕ ಗ್ರಂಥಿ



ನೀವು ಉಂಡ ಜೋಳದ ರೊಟ್ಟಿ, ತೊಗರಿಬೇಳೆ, ಎಣ್ಣೆ ಜಠರದಿಂದ ಸಣ್ಣ ಕರುಳಿಗೆ ಇಳಿಯುತ್ತವೆ. ಅಲ್ಲಿ ಲಿವರ್ ತಯಾರಿಸಿದ ಪಿತ್ತರಸ ಎಣ್ಣೆ, ತುಪ್ಪವನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕ ಗ್ರಂಥಿಯ ರಸ ರೊಟ್ಟಿಯ ಪಿಷ್ಟ, ಬೇಳೆಯ ಪ್ರೋಟೀನು, ಎಣ್ಣೆಯ ಕೊಬ್ಬು ಮೂರನ್ನೂ ಅರಗಿಸುತ್ತದೆ.

ಸಾಮಾನ್ಯವಾಗಿ ಎರಡೂ ರಸಗಳು ಒಂದೇ ಬಾಯಿಯಿಂದ ಕರುಳು ಸೇರುತ್ತವೆ. ಪಿತ್ತಕೋಶದ ಹರಳು ಜಾರಿ ಅಲ್ಲಿ ಸಿಕ್ಕಿಕೊಂಡರೆ ಕಣ್ಣು ಹಳದಿಯಾಗಬಹುದು, ಮೂತ್ರ ಕಡುಬಣ್ಣಕ್ಕೆ ತಿರುಗಬಹುದು, ಮಲ ಬಿಳಿಚಬಹುದು. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೊಡೆಯಬಹುದು.

ಇದನ್ನು ಬರೀ ಕಾಮಣಿ ಎಂದು ತಿಳಿದು ನಾಟಿ ಔಷಧಿಯಲ್ಲಿ ದಿನ ಕಳೆಯಬೇಡಿ. ಜೊತೆಗೆ ಚಳಿಜ್ವರ ಅಥವಾ ತಡೆಯಲಾರದ ನೋವಿದ್ದರೆ, ಭಾಲ್ಕಿ, ಔರಾದ್ ಕಡೆಯವರು ಬೀದರಿನ ಮುಂಜಾನೆ ಬಸ್ಸಿಗೆಂದು ಕಾಯದೆ ಕೂಡಲೇ 108ಕ್ಕೆ ಫೋನ್ ಮಾಡಿ.

ಮದ್ಯ ಈ ಎರಡೂ ಅಂಗಗಳಿಗೆ ವಿಷ. ವೈದ್ಯರ ಸಲಹೆ ಪಡೆದು ಪೂರ್ತಿ ಬಿಡಿ. ಕಾಯಕ ನಡೆಯಲು ಕಾಯ ಗಟ್ಟಿಯಿರಬೇಕು.