ಸೆರಾಮಿಕ್ಕೋ, ಉಕ್ಕೋ? ಆರ್‌ಸಿ ಕಾರಿನ ಡಿಫ್‌ಗೆ ಗುಂಡು ಆರಿಸುವ ಮುನ್ನ

ಗೋವಾದ ಫಾತೋರ್ಡಾ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಕ್ರೀಡಾಂಗಣ ಮತ್ತು ಅಲ್ಲಿನ ಫುಟ್‌ಬಾಲ್. ರಿಮೋಟ್‌ನಿಂದ ಓಡಿಸುವ ರೇಸ್ ಕಾರು ಇಟ್ಟುಕೊಂಡವರು ಮಾತ್ರ ಈ ಊರಿನ ಇನ್ನೆರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಒಂದು, ಆರೇಳು ಕಿ.ಮೀ. ದೂರದ ಕೋಲ್ವಾ ಕಡಲಿನಿಂದ ಬೀಸುವ ಉಪ್ಪುಗಾಳಿ. ಇನ್ನೊಂದು, ಕೆಂಪುಕಲ್ಲಿನ ನೆಲದಿಂದೇಳುವ ಧೂಳು. ಗಾಳಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಧೂಳು ಗ್ರೀಸಿಗೆ ಅಂಟಿ ಗುಂಡು, ರಿಂಗ್‌ಗಳನ್ನು ಸವೆಸುತ್ತದೆ. ಕಾರವಾರ, ಉಡುಪಿ, ಮಂಗಳೂರಿನ ಹವ್ಯಾಸಿಗಳ ಪಾಡೂ ಇದೇ. ಆದ್ದರಿಂದ ಡಿಫರೆನ್ಷಿಯಲ್‌ಗೆ (ಡಿಫ್) ಸೆರಾಮಿಕ್ ಗುಂಡು ಹಾಕಬೇಕೇ, ಉಕ್ಕಿನದೇ ಸಾಕೇ ಎಂಬ ಪ್ರಶ್ನೆಗೆ ಕರಾವಳಿಯ ಉತ್ತರ ಒಣ ಊರಿನ ಉತ್ತರಕ್ಕಿಂತ ಸ್ವಲ್ಪ ಬೇರೆ.

ಹಂತ 1: ಯಾವ ಡಿಫ್ ಎಂದು ತಿಳಿಯಿರಿ

ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕು. ಈ ವ್ಯತ್ಯಾಸವನ್ನು ಸರಿದೂಗಿಸುವುದೇ ಡಿಫ್‌ನ ಕೆಲಸ. ಆರ್‌ಸಿ ಕಾರುಗಳಲ್ಲಿ ಇದು ಎರಡು ಬಗೆ. ಗೇರ್ ಡಿಫ್‌ನಲ್ಲಿ ಪುಟ್ಟ ಹಲ್ಲುಚಕ್ರಗಳೂ ಸಿಲಿಕೋನ್ ಎಣ್ಣೆಯೂ ಇರುತ್ತವೆ. 1/8 ಅಳತೆಯ ಬಗ್ಗಿಗಳಲ್ಲಿ ಇರುವುದು ಇದೇ. ಇಲ್ಲಿ ಗುಂಡಿನ ಪ್ರಶ್ನೆಯೇ ಏಳದು. ಬದಲಿಸಬೇಕಾದ್ದು ಎಣ್ಣೆಯ ಸ್ನಿಗ್ಧತೆ, ಸೀಲ್ ಮತ್ತು ಹೊರಗಿನ ಬೇರಿಂಗ್.

ಬಾಲ್ ಡಿಫ್ ಹೆಚ್ಚಾಗಿ 1/12 ಪ್ಯಾನ್ ಕಾರು, 1/10 ಬಗ್ಗಿ ಮತ್ತು ಕೆಲವು ಟೂರಿಂಗ್ ಕಾರುಗಳಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಗೇರಿನ ತೂತುಗಳಲ್ಲಿ ಗುಂಡುಗಳು ಕೂತಿರುತ್ತವೆ. ಎರಡು ಬದಿಯ ಉಕ್ಕಿನ ರಿಂಗ್‌ಗಳು ಅವನ್ನು ಅದುಮಿ ಹಿಡಿಯುತ್ತವೆ. ಒಂದು ಬೋಲ್ಟು, ಸ್ಪ್ರಿಂಗು ಮತ್ತು ಸಣ್ಣ ಗುಂಡುಗಳ ಥ್ರಸ್ಟ್ ಬೇರಿಂಗ್ ಇಡೀ ಜೋಡಣೆಯನ್ನು ಬಿಗಿಯಾಗಿ ಹಿಡಿದಿಡುತ್ತವೆ. ಮುಂದಿನ ಮಾತೆಲ್ಲ ಈ ಡಿಫ್‌ನದು.

ಹಂತ 2: ಕೊಳ್ಳುವ ಮೊದಲು ಬಿಚ್ಚಿ ನೋಡಿ

ಕಾರನ್ನು ಎತ್ತಿ ಹಿಡಿದು ಒಂದು ಚಕ್ರವನ್ನು ಮೆಲ್ಲಗೆ ತಿರುಗಿಸಿ. ಇನ್ನೊಂದು ಚಕ್ರ ತಡೆಯಿಲ್ಲದೆ ವಿರುದ್ಧ ದಿಕ್ಕಿಗೆ ತಿರುಗಬೇಕು. ಬೆರಳಿಗೆ ಕರಕರ ತಾಗಿದರೆ ಡಿಫ್ ಬಿಚ್ಚುವ ಕಾಲ ಬಂದಿದೆ.

ಬಿಚ್ಚಿದ ಮೇಲೆ ರಿಂಗ್‌ಗಳನ್ನು ಒರೆಸಿ, ಗುಂಡು ಓಡಿದ ಜಾಡಿನ ಮೇಲೆ ಉಗುರು ಎಳೆಯಿರಿ. ಜಾಡು ಹೊಳೆಯುತ್ತಿದ್ದು ಉಗುರಿಗೆ ಸಿಗದಿದ್ದರೆ ರಿಂಗ್ ಚೆನ್ನಾಗಿದೆ. ಅಂಚು ಸಿಕ್ಕಿದರೆ ಮಗ್ಗುಲು ಬದಲಿಸಿ. ಎರಡೂ ಮಗ್ಗುಲು ಸವೆದಿದ್ದರೆ ಹೊಸದು ಹಾಕಿ. ಹಳ್ಳಬಿದ್ದ ರಿಂಗಿನ ಮೇಲೆ ಎಂಥ ದುಬಾರಿ ಗುಂಡು ಹಾಕಿದರೂ ಕರಕರ ಹೋಗುವುದಿಲ್ಲ. ಸೆರಾಮಿಕ್ ಹಾಕಿಯೂ ಪ್ರಯೋಜನವಾಗಲಿಲ್ಲ ಎಂಬ ದೂರಿನ ಬೇರು ಹೆಚ್ಚಾಗಿ ಇಲ್ಲಿರುತ್ತದೆ.

ಹಂತ 3: ಅಳತೆ ತಪ್ಪಬೇಡಿ

ಬಳಕೆಯಲ್ಲಿರುವ ಅಳತೆಗಳು ಮುಖ್ಯವಾಗಿ ಮೂರು: 3/32 ಇಂಚು (2.38 ಮಿ.ಮೀ.), 3 ಮಿ.ಮೀ. ಮತ್ತು 1/8 ಇಂಚು (3.18 ಮಿ.ಮೀ.). ಕೊನೆಯ ಎರಡು ಕಣ್ಣಿಗೆ ಒಂದೇ ಥರ ಕಾಣುತ್ತವೆ. ವರ್ನಿಯರ್ ಹಿಡಿದು ಅಳೆಯಿರಿ, ಇಲ್ಲವೇ ಕಾರಿನ ಕೈಪಿಡಿ ನೋಡಿ. ಬದಲಿಸುವಾಗ ಇಡೀ ಸೆಟ್ ಬದಲಿಸಿ. ಹಳೆಯದರ ನಡುವೆ ನಾಲ್ಕು ಹೊಸ ಗುಂಡು ಸೇರಿಸಿದರೆ, ಕೂದಲೆಳೆಯಷ್ಟು ದೊಡ್ಡದಾದವುಗಳ ಮೇಲೆಯೇ ಭಾರವೆಲ್ಲ ಬೀಳುತ್ತದೆ.

ಸೈಕಲ್ ಅಂಗಡಿಯಲ್ಲೂ 1/8 ಇಂಚಿನ ಗುಂಡು ಸಿಗುತ್ತದೆ. ತೂತಿಗೆ ಸರಿಯಾಗಿ ಕೂರುತ್ತದೆ ಎಂದು ಅದನ್ನು ತರಬೇಡಿ. ಗುಂಡಿನ ದುಂಡುತನವನ್ನು ಗ್ರೇಡ್‌ನಲ್ಲಿ ಹೇಳುತ್ತಾರೆ. ಅಂಕಿ ಸಣ್ಣದಾದಷ್ಟೂ ಗುಂಡು ಕರಾರುವಾಕ್ಕು. ಗ್ರೇಡ್ 5 ಎಂದರೆ ದುಂಡುತನದ ವ್ಯತ್ಯಾಸ 0.13 ಮೈಕ್ರಾನ್ ಮೀರಬಾರದು. ಡಿಫ್‌ಗೆ ಬೇಕಾದ್ದು ಅಂಥದ್ದು.

ಹಂತ 4: ವಸ್ತು ಆರಿಸಿ

ಕ್ರೋಮ್ ಉಕ್ಕು: ಅಗ್ಗ, ಗಟ್ಟಿ, ಅಭ್ಯಾಸಕ್ಕೆ ಧಾರಾಳ ಸಾಕು. ಕೊರತೆ ಒಂದೇ, ಗ್ರೀಸ್ ಒರೆಸಿಹೋದ ಕಡೆ ತುಕ್ಕಿನ ಚುಕ್ಕೆ ಬೀಳುತ್ತದೆ. ಬೆವರುಗೈಯಲ್ಲಿ ಮುಟ್ಟಿದರೂ ಸಾಕು.

ಸೆರಾಮಿಕ್: ರೇಸ್ ಕಾರುಗಳಿಗೆ ಬರುವುದು ಸಾಮಾನ್ಯವಾಗಿ ಕಪ್ಪುಬಣ್ಣದ ಸಿಲಿಕಾನ್ ನೈಟ್ರೈಡ್. ಉಕ್ಕಿಗಿಂತ ಬಹಳ ಗಡುಸು. ತುಕ್ಕು ಹಿಡಿಯುವುದಿಲ್ಲ, ಗ್ರೀಸ್ ಕಡಿಮೆಯಾದರೂ ಉಕ್ಕಿನ ರಿಂಗಿಗೆ ಬೆಸೆದುಕೊಳ್ಳುವುದಿಲ್ಲ. ಬೆಲೆ ಮಾತ್ರ ಹಲವು ಪಟ್ಟು. ಅಸಲಿಯೇ ಎಂದು ನೋಡಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಸೆರಾಮಿಕ್ ಅಲ್ಲ.

ಟಂಗ್‌ಸ್ಟನ್ ಕಾರ್ಬೈಡ್: ಇದೂ ಬಹಳ ಗಡುಸು, ತೂಕ ಉಕ್ಕಿನ ಸುಮಾರು ಇಮ್ಮಡಿ. ಥ್ರಸ್ಟ್ ಬೇರಿಂಗ್‌ನ ಸಣ್ಣ ಗುಂಡುಗಳಿಗೆ ಒಳ್ಳೆಯ ಆಯ್ಕೆ.

ಸೆರಾಮಿಕ್ ಹಗುರ ಎಂಬ ಜಾಹೀರಾತಿಗೆ ಮಾರುಹೋಗಬೇಡಿ. 3/32 ಇಂಚಿನ 12 ಉಕ್ಕಿನ ಗುಂಡುಗಳ ತೂಕ ಸುಮಾರು 0.66 ಗ್ರಾಂ, ಸೆರಾಮಿಕ್‌ನದು 0.27 ಗ್ರಾಂ. ಉಳಿತಾಯ ಹದಿನೈದಿಪ್ಪತ್ತು ಅಕ್ಕಿಕಾಳಿನಷ್ಟು! 1,300 ಗ್ರಾಂ ಮೀರಿದ ಕಾರಿಗೆ ಇದು ಲೆಕ್ಕಕ್ಕೇ ಇಲ್ಲ. ಸೆರಾಮಿಕ್‌ಗೆ ಕೊಡುವ ಹಣ ವೇಗಕ್ಕಲ್ಲ, ಬಾಳಿಕೆಗೆ.

ದುಡ್ಡು ಹಾಕುವ ಕ್ರಮ ಹೀಗಿರಲಿ: ಮೊದಲು ಒಳ್ಳೆಯ ರಿಂಗ್, ಆಮೇಲೆ ಥ್ರಸ್ಟ್ ಬೇರಿಂಗ್‌ಗೆ ಸೆರಾಮಿಕ್ ಅಥವಾ ಕಾರ್ಬೈಡ್, ಕೊನೆಗೆ ಮುಖ್ಯ ಗುಂಡುಗಳು. ಬೋಲ್ಟಿನ ಬಿಗಿತವೆಲ್ಲ ಥ್ರಸ್ಟ್ ಬೇರಿಂಗ್‌ನ ಪುಟ್ಟ ಗುಂಡುಗಳ ಮೇಲೆ ಬೀಳುವುದರಿಂದ ಮೊದಲು ಸೋಲುವುದು ಅದೇ.

ಹಂತ 5: ಗ್ರೀಸ್ ಅದಲುಬದಲು ಮಾಡಬೇಡಿ

ಮುಖ್ಯ ಗುಂಡುಗಳಿಗೆ ಸಿಲಿಕೋನ್ ಡಿಫ್ ಗ್ರೀಸ್, ಥ್ರಸ್ಟ್ ಬೇರಿಂಗ್‌ಗೆ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್. ಕಪ್ಪು ಗ್ರೀಸ್ ಮುಖ್ಯ ಗುಂಡುಗಳಿಗೆ ತಾಗಿದರೆ ಡಿಫ್ ಜಾರುತ್ತದೆ. ಪ್ರತಿ ಗುಂಡಿನ ಮೇಲೆ ತೆಳುವಾಗಿ ಸವರಿದರೆ ಸಾಕು. ಮೆತ್ತಿದ ಗ್ರೀಸ್ ಹೊರಗೆ ಸಿಡಿದು ಕೆಂಪು ಧೂಳನ್ನು ಹಿಡಿದಿಡುತ್ತದೆ.

ಹಂತ 6: ಜೋಡಿಸಿ, ಬಿಗಿತ ಪರೀಕ್ಷಿಸಿ

ಹೊಸ ರಿಂಗ್‌ನ ನುಣುಪನ್ನು ತೆಗೆಯಲು ಗಾಜಿನ ಮೇಲೆ 400, ನಂತರ 600ರ ನೀರುಕಾಗದ ಇಟ್ಟು ಎಂಟರ ಆಕಾರದಲ್ಲಿ ಉಜ್ಜಿ. ಗುಂಡುಗಳನ್ನು ಚಿಮಟದಿಂದಲೇ ಇಡಿ. ಬೋಲ್ಟನ್ನು ಸ್ಪ್ರಿಂಗ್ ಪೂರ್ತಿ ಅದುಮುವವರೆಗೆ ನಿಧಾನವಾಗಿ ಬಿಗಿದು, ಎಂಟನೇ ಒಂದು ಸುತ್ತಿನಷ್ಟು ಸಡಿಲಿಸಿ. ಕಾರಿನ ಕೈಪಿಡಿ ಬೇರೆ ಅಂಕಿ ಹೇಳಿದ್ದರೆ ಅದೇ ಅಂತಿಮ.

ಮುಂದೆ, ಒಂದು ಹಿಂಚಕ್ರವನ್ನು ಹಿಡಿದು ಕಡಿಮೆ ಥ್ರಾಟಲ್‌ನಲ್ಲಿ ಅರ್ಧ ನಿಮಿಷ ಓಡಿಸಿ. ಇನ್ನೊಂದು ಬದಿಗೂ ಹಾಗೆಯೇ ಮಾಡಿ. ಗುಂಡುಗಳು ತಮ್ಮ ಜಾಡಿನಲ್ಲಿ ಕೂರುತ್ತವೆ. ಬಳಿಕ ಎರಡೂ ಹಿಂಚಕ್ರಗಳನ್ನು ಅಲುಗದಂತೆ ಹಿಡಿದು, ಹೆಬ್ಬೆರಳಿನಿಂದ ಡಿಫ್‌ನ ಗೇರನ್ನು ಒತ್ತಿ ತಿರುಗಿಸಲು ನೋಡಿ. ಸುಲಭವಾಗಿ ಜಾರಿದರೆ ಬಿಗಿತ ಸಾಲದು. ಜಾರುವ ಡಿಫ್ ಕಾದು ಪ್ಲಾಸ್ಟಿಕ್ ಗೇರನ್ನೇ ಕರಗಿಸುತ್ತದೆ. ಸ್ಲಿಪ್ಪರ್ ಕ್ಲಚ್ ಇರುವ ಬಗ್ಗಿಯಲ್ಲಿ ಡಿಫ್‌ಗಿಂತ ಮೊದಲು ಸ್ಲಿಪ್ಪರ್ ಜಾರಬೇಕು. ಸೆರಾಮಿಕ್ ಹಾಕಿದವರು ಅತಿಯಾಗಿ ಬಿಗಿಯಬೇಡಿ: ಗುಂಡಿಗೆ ಏನೂ ಆಗದು, ಹಳ್ಳ ಬೀಳುವುದು ರಿಂಗಿಗೆ.

ಹಂತ 7: ಮಳೆಗಾಲದ ಕಾಳಜಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಮೂಲೆ ಸೇರುವುದೇ ಹೆಚ್ಚು. ಸೆರಾಮಿಕ್ ಗುಂಡಿದ್ದರೂ ರಿಂಗ್, ಬೋಲ್ಟು, ಸ್ಪ್ರಿಂಗ್ ಉಕ್ಕಿನವೇ ಎಂಬುದು ನೆನಪಿರಲಿ. ಎತ್ತಿಡುವ ಮುನ್ನ ಡಿಫ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಒಣಗಿಸಿ, ತೆಳುವಾಗಿ ಗ್ರೀಸ್ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಒದ್ದೆ ನೆಲದಲ್ಲಿ ಓಡಿಸಿದ ದಿನ ಈ ಕೆಲಸವನ್ನು ಅಂದೇ ಮುಗಿಸಿ.

ಕೊನೆಯ ಮಾತು

ವಾರಾಂತ್ಯದಲ್ಲಿ ಮನೆಯಂಗಳದಲ್ಲೋ ಖಾಲಿ ಮೈದಾನದಲ್ಲೋ ಓಡಿಸುವವರಿಗೆ ಒಳ್ಳೆಯ ಗ್ರೇಡಿನ ಉಕ್ಕಿನ ಗುಂಡು, ಕಾರ್ಬೈಡ್ ಥ್ರಸ್ಟ್ ಸಾಕು. ಉಳಿದ ಹಣದಲ್ಲಿ ಒಂದು ಜೊತೆ ರಿಂಗ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಪದೇ ಪದೇ ರೇಸ್‌ಗೆ ಇಳಿಯುವವರು, ಅದರಲ್ಲೂ ಕಡಲಂಚಿನ ಊರಿನವರು ಸೆರಾಮಿಕ್‌ಗೆ ಖರ್ಚು ಮಾಡಬಹುದು. ಆದರೆ ಡಿಫ್ ಬಿಚ್ಚಿ ತೊಳೆಯುವ ಸೋಮಾರಿತನಕ್ಕೆ ಯಾವ ಗುಂಡಿನಲ್ಲೂ ಮದ್ದಿಲ್ಲ.